ಟ್ಯಾಬ್‌ನ ನೆನಪು ಕಾಯುವ ಕೋಡ್

ಬ್ರೌಸರ್‌ಗೆ ನೆನಪಿನ ಶಕ್ತಿ ಕೊಟ್ಟ ಮೊದಲ ಸಾಧನ ಕುಕಿ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲ್ಲಿ ಅದನ್ನು ರೂಪಿಸಿದರು. ಒಂದು ಕುಕಿಯಲ್ಲಿ ಹಿಡಿಸುವುದು ಸುಮಾರು 4 ಕೆಬಿ, ಅದೂ ಪ್ರತಿ ಕೋರಿಕೆಯ ಜೊತೆ ಸರ್ವರ್‌ಗೆ ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಎಲ್ಲ ಟ್ಯಾಬ್‌ಗಳಿಗೂ ಕುಕಿ ಒಂದೇ. ಎರಡು ಟ್ಯಾಬ್ ತೆರೆದು ಬೇರೆ ಬೇರೆ ವಿಮಾನದ ಟಿಕೆಟ್ ಕೊಳ್ಳಲು ಹೊರಟವರಿಗೆ, ಒಂದರ ಆಯ್ಕೆ ಇನ್ನೊಂದಕ್ಕೆ ನುಸುಳಿ ಒಂದೇ ವಿಮಾನಕ್ಕೆ ಎರಡು ಟಿಕೆಟ್ ಆಗಿಬಿಡಬಹುದು. ಪ್ರತಿ ಟ್ಯಾಬ್‌ಗೂ ಅದರದೇ ಜಾಗ ಕೊಡುವ ಸೆಷನ್ ಸ್ಟೋರೇಜ್ ಯಾಕೆ ಬೇಕು ಎಂದು ವಿವರಿಸಲು ಎಚ್‌ಟಿಎಂಎಲ್ ಸ್ಟ್ಯಾಂಡರ್ಡ್ ಕೊಡುವ ಉದಾಹರಣೆ ಇದೇ.

ಅದು ಬರುವ ಮೊದಲು ಡೆವಲಪರ್‌ಗಳು ಸಿಕ್ಕಿದ್ದನ್ನೇ ಬಳಸಿದರು. ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಯೂಸರ್‌ಡೇಟಾ ಇತ್ತು, ಫ್ಲ್ಯಾಶ್‌ನಲ್ಲಿ 100 ಕೆಬಿಯ ಜಾಗವಿತ್ತು. 2005ರಲ್ಲಿ ಬ್ರಾಡ್ ನ್ಯೂಬರ್ಗ್ ಫ್ಲ್ಯಾಶ್‌ನ ಆ ಜಾಗವನ್ನು ಜಾವಾಸ್ಕ್ರಿಪ್ಟ್‌ನಿಂದ ಬಳಸುವ ಲೈಬ್ರರಿ ಬರೆದರು. ಒಳಗೆ ಏನೇ ಇರಲಿ, ಹೊರಗೆ ಸರಳವಾದ ಫಂಕ್ಷನ್‌ಗಳಿರಲಿ ಎಂಬ ಆ ಯೋಚನೆಯೇ ಇಂದಿನ ರ‍್ಯಾಪರ್‌ಗಳಲ್ಲೂ, ಅಂದರೆ ಸ್ಟೋರೇಜ್‌ನ ಸುತ್ತ ಹೊದಿಸುವ ಮರುಬಳಕೆಯ ಕೋಡ್‌ನಲ್ಲೂ ಇದೆ.

2006ರ ಫೈರ್‌ಫಾಕ್ಸ್ 2ರಲ್ಲಿ ಸೆಷನ್ ಸ್ಟೋರೇಜ್ ಬಂತು, 2009ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಕೂಡ ಒಪ್ಪಿಕೊಂಡಿತು, 2013ರಲ್ಲಿ ಡಬ್ಲ್ಯು3ಸಿ ಶಿಫಾರಸಾಯಿತು. ಇಷ್ಟಾದ ಮೇಲೆ ರ‍್ಯಾಪರ್ ಯಾಕೆ? ಸೆಷನ್ ಸ್ಟೋರೇಜ್ ಅನ್ನು ನೇರವಾಗಿ ಬಳಸಿ ನೋಡಿದರೆ ಗೊತ್ತಾಗುತ್ತದೆ. ಅದರಲ್ಲಿ ಉಳಿಯುವುದು ಸ್ಟ್ರಿಂಗ್ ಮಾತ್ರ. 'ಫಾಲ್ಸ್' ಎಂಬ ಬೂಲಿಯನ್ ಇಟ್ಟರೆ ಮರಳಿ ಸಿಗುವುದು ಐದು ಇಂಗ್ಲಿಷ್ ಅಕ್ಷರಗಳ ಸ್ಟ್ರಿಂಗ್. ಖಾಲಿಯಲ್ಲದ ಸ್ಟ್ರಿಂಗ್ 'ಇಫ್'ನಲ್ಲಿ ನಿಜವೆಂದೇ ಪಾಸಾಗುತ್ತದೆ. ಎರರ್ ಬರುವುದಿಲ್ಲ, ಲಾಜಿಕ್ ಮಾತ್ರ ತಲೆಕೆಳಗು. ಹಾಗಾಗಿ ಬರೆಯುವಾಗ ಜೇಸನ್‌ಗೆ ಬದಲಿಸಿ, ಓದುವಾಗ ಮತ್ತೆ ಬಿಡಿಸುವುದು ರ‍್ಯಾಪರ್‌ನ ಮೊದಲ ಕೆಲಸವಾಯಿತು. ಆಗಲೂ ದಿನಾಂಕದ ಆಬ್ಜೆಕ್ಟ್ ಸ್ಟ್ರಿಂಗ್ ಆಗಿಯೇ ಮರಳುತ್ತದೆ.

ಎರಡನೆಯ ಪಾಠ ಕಲಿಸಿದ್ದು ಸಫಾರಿ. ಅದರ ಪ್ರೈವೇಟ್ ಮೋಡ್‌ನಲ್ಲಿ 2017ರ ತನಕ ಸ್ಟೋರೇಜ್ ಇದ್ದಂತೆಯೇ ಕಾಣುತ್ತಿತ್ತು, ಆದರೆ ಒಂದಕ್ಷರ ಬರೆಯಲು ಹೋದರೂ ಜಾಗ ಮುಗಿದಿದೆ ಎಂಬ ಎರರ್ ಎಸೆಯುತ್ತಿತ್ತು. ಆದ್ದರಿಂದ ಒಳ್ಳೆಯ ರ‍್ಯಾಪರ್ ಮೊದಲು ಒಂದು ಪರೀಕ್ಷಾ ಕೀ ಬರೆದು, ಅಳಿಸಿ ನೋಡುತ್ತದೆ; ಆಗದಿದ್ದರೆ ಮೆಮೊರಿಯಲ್ಲೇ ಒಂದು ಆಬ್ಜೆಕ್ಟ್ ಇಟ್ಟುಕೊಂಡು ಕೆಲಸ ಸಾಗಿಸುತ್ತದೆ.

2019ರಲ್ಲಿ ರಿಯಾಕ್ಟ್‌ಗೆ ಹುಕ್‌ಗಳು ಬಂದವು. ಈ ಕೋಡ್ ಹುಕ್‌ನೊಳಗೆ ಸೇರಿ, ಸ್ಟೇಟ್ ಬದಲಾದಾಗ ತಾನೇ ಬರೆದುಕೊಳ್ಳುವಂತಾಯಿತು. ಸರ್ವರ್‌ನಲ್ಲೇ ಪುಟ ಕಟ್ಟುವಾಗ ಸೆಷನ್ ಸ್ಟೋರೇಜ್ ಇರುವುದಿಲ್ಲವಾದ್ದರಿಂದ ಬ್ರೌಸರ್‌ಗೆ ಬಂದ ಮೇಲಷ್ಟೇ ಓದಬೇಕು.

ನನ್ನ ಪ್ರಕಾರ ಇಂದು ಇದಕ್ಕೆ ದೊಡ್ಡ ಲೈಬ್ರರಿ ಬೇಡ. ತಂಡದ ಎಲ್ಲರೂ ಓದಿ ಅರ್ಥಮಾಡಿಕೊಳ್ಳುವ ಪುಟ್ಟ ಮಾಡ್ಯೂಲ್ ಸಾಕು. ಲಾಗಿನ್ ಟೋಕನ್ ಮಾತ್ರ ಸೆಷನ್ ಸ್ಟೋರೇಜ್‌ನಲ್ಲಿ ಇಡಕೂಡದು, ಪುಟಕ್ಕೆ ನುಸುಳಿದ ಯಾವ ಸ್ಕ್ರಿಪ್ಟ್ ಬೇಕಾದರೂ ಅದನ್ನು ಓದಬಲ್ಲದು. ಹಲವರು ಮರೆಯುವುದು ಕೀಗೆ ಆವೃತ್ತಿ ಸಂಖ್ಯೆ ಸೇರಿಸುವುದನ್ನು. ಟ್ಯಾಬ್ ಮುಚ್ಚದೆ ದಿನಗಟ್ಟಲೆ ಬಿಡುವವರಿದ್ದಾರೆ. ಅಷ್ಟರಲ್ಲಿ ಹೊಸ ಕೋಡ್ ಬಿಡುಗಡೆಯಾಗಿ ಡೇಟಾದ ರೂಪ ಬದಲಾಗಿದ್ದರೆ, ರಿಫ್ರೆಶ್ ಮಾಡಿದ ಗಳಿಗೆಯಲ್ಲಿ ಅರ್ಧ ತುಂಬಿದ ಅರ್ಜಿ ಮುರಿದುಬೀಳುತ್ತದೆ.