ಎಂಬತ್ತೆಂಟು ವರ್ಷ ನಡೆದ ಮೀಟಿಂಗು

ಸಭೆ ಅಂದಮೇಲೆ ವೋಟು ಇರಲೇಬೇಕಾ? ಕೈ ಎತ್ತಿಸೋದು, ಎಣಿಸೋದು, ಹೆಚ್ಚು ಕೈ ಯಾವ ಕಡೆಗೋ ಆ ಕಡೆಗೆ ತೀರ್ಮಾನ. ಅಪಾರ್ಟ್‌ಮೆಂಟ್ ಅಸೋಸಿಯೇಶನ್ನಿನಿಂದ ಪಾರ್ಲಿಮೆಂಟಿನವರೆಗೆ ನಮಗೆ ಗೊತ್ತಿರುವ ದಾರಿ ಇದೊಂದೇ. ಆದರೆ ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ವೋಟಿನ ಗೊಡವೆಯೇ ಇಲ್ಲದೆ ತೀರ್ಮಾನ ಮಾಡುತ್ತಾ ಬಂದಿರುವ ಒಂದು ಪ್ರಾಟೆಸ್ಟಂಟ್ ಪಂಗಡ ಇದೆ. ಹೆಸರು ಕ್ವೇಕರ್. ಗುಲಾಮರನ್ನು ಇಟ್ಟುಕೊಳ್ಳಬಾರದು ಅಂತ ತನ್ನ ಸದಸ್ಯರಿಗೆ ಕಟ್ಟುಪಾಡು ಹಾಕಿದ ಮೊದಲ ಪಂಗಡಗಳಲ್ಲಿ ಇವರದ್ದೂ ಒಂದು. ಚರಿತ್ರೆಯ ಪುಸ್ತಕಗಳು ಇವರನ್ನು ಹೊಗಳೋದು ಅದಕ್ಕೇ. ಹೊಗಳಿಕೆಯ ಭರದಲ್ಲಿ ಒಂದು ಲೆಕ್ಕ ಮಾತ್ರ ಕಣ್ಮರೆಯಾಗಿಬಿಡುತ್ತೆ. ಗುಲಾಮಗಿರಿ ತಪ್ಪು ಅನ್ನುವ ಮೊದಲ ಅರ್ಜಿ ಇವರ ಸಭೆಗೆ ಬಂದದ್ದು 1688ರಲ್ಲಿ. ಸಭೆ ಪೂರ್ತಿಯಾಗಿ ಹೌದು ಅಂದದ್ದು 1776ರಲ್ಲಿ. ಎಂಬತ್ತೆಂಟು ವರ್ಷ!

ಈ ಎಂಬತ್ತೆಂಟು ವರ್ಷಗಳ ಕಥೆಯನ್ನೇ ಇವತ್ತು ಬರೆಯೋಣ ಅಂತ.

ಮೊದಲು ಸ್ವಲ್ಪ ಹಿನ್ನೆಲೆ. 17ನೇ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನಲ್ಲಿ ಅಂತರ್ಯುದ್ಧ, ರಾಜನ ತಲೆದಂಡ, ದಿನಕ್ಕೊಂದು ಹೊಸ ಪಂಥ. ಆ ಗದ್ದಲದಲ್ಲಿ ಜಾರ್ಜ್ ಫಾಕ್ಸ್ ಎಂಬಾತ ಊರೂರು ತಿರುಗಿ ಹೇಳಿದ್ದು ಇಷ್ಟು: ದೇವರ ಬೆಳಕು ಪ್ರತಿಯೊಬ್ಬರ ಒಳಗೂ ಇದೆ, ಅದನ್ನು ತೋರಿಸಲು ಪಾದ್ರಿ ಬೇಕಿಲ್ಲ. ಹಿಂಬಾಲಕರು ತಮ್ಮನ್ನು ‘ಫ್ರೆಂಡ್ಸ್’ ಅಂತ ಕರೆದುಕೊಂಡರು. ‘ಕ್ವೇಕರ್’, ಅಂದರೆ ನಡುಗುವವರು, ಅನ್ನೋದು ಬೇರೆಯವರು ಗೇಲಿಗೆ ಇಟ್ಟ ಹೆಸರು. ಅದೇ ಉಳಿದುಕೊಂಡಿತು. ಇವರ ಸಾಂಪ್ರದಾಯಿಕ ಆರಾಧನೆಯಲ್ಲಿ ಪೂಜಾವಿಧಿ ಇಲ್ಲ, ಪ್ರವಚನಕ್ಕೆ ನೇಮಕವಾದವರಿಲ್ಲ. ಎಲ್ಲರೂ ಸುಮ್ಮನೆ ಕೂರುತ್ತಾರೆ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಹೇಳುತ್ತಾರೆ, ಮತ್ತೆ ಮೌನ.

ತೀರ್ಮಾನ ಮಾಡುವ ಸಭೆಯೂ ಹೀಗೆಯೇ. ಅಧ್ಯಕ್ಷರಿಲ್ಲ, ಒಬ್ಬ ಕ್ಲರ್ಕ್ ಇರುತ್ತಾರೆ. ಒಬ್ಬೊಬ್ಬರಾಗಿ ಮಾತಾಡುತ್ತಾರೆ. ಸಭೆ ಯಾವ ಕಡೆ ವಾಲುತ್ತಿದೆ ಅನ್ನೋದನ್ನು ಕ್ಲರ್ಕ್ ಗ್ರಹಿಸಿ, ಅಲ್ಲೇ ನಿರ್ಣಯ ಬರೆದು ಓದುತ್ತಾರೆ. ಎಲ್ಲರೂ ಒಪ್ಪಿದರೆ ಅದು ತೀರ್ಮಾನ. ಒಪ್ಪಿಗೆ ಮೂಡದಿದ್ದರೆ ವಿಷಯ ಮುಂದಿನ ಸಭೆಗೆ. ತಿಂಗಳ ಸಭೆಗೆ ಭಾರವೆನಿಸಿದ್ದು ಮೂರು ತಿಂಗಳ ಸಭೆಗೆ ಹೋಗುತ್ತೆ, ಅಲ್ಲೂ ಬಗೆಹರಿಯದ್ದು ವಾರ್ಷಿಕ ಸಭೆಗೆ.

(ಇಂಟರ್ನೆಟ್ಟಿನ ನಿಯಮಗಳನ್ನು ರೂಪಿಸುವ ಐಇಟಿಎಫ್ ಸಭೆಗಳಲ್ಲೂ ವೋಟಿನಿಂದ ತೀರ್ಮಾನ ಮಾಡೋದಿಲ್ಲ. ಒಪ್ಪುವವರು ‘ಹ್ಞೂಂ’ ಅಂತ ಗುನುಗೋದು ಅಲ್ಲಿನ ಪದ್ಧತಿ! ಆದರೆ ಅಲ್ಲಿ ಪ್ರತಿಯೊಬ್ಬರೂ ಒಪ್ಪಲೇಬೇಕು ಅಂತಿಲ್ಲ, ಒಂದು ಮಟ್ಟದ ಸಹಮತ ಸಾಕು. ಕ್ವೇಕರ್ ಸಭೆಗೆ ಅಷ್ಟು ಸಾಲದು.)

1681ರಲ್ಲಿ ಇಂಗ್ಲೆಂಡಿನ ರಾಜ ಎರಡನೇ ಚಾರ್ಲ್ಸ್, ವಿಲಿಯಂ ಪೆನ್ ಎಂಬ ಕ್ವೇಕರ್‌ಗೆ ಅಮೆರಿಕದಲ್ಲಿ ದೊಡ್ಡ ಭೂಭಾಗ ಬರೆದುಕೊಟ್ಟ. ಅದೇ ಪೆನ್ಸಿಲ್ವೇನಿಯಾ. ಇಂಗ್ಲೆಂಡಿನಲ್ಲಿ ಜೈಲು ಕಂಡಿದ್ದ ಕ್ವೇಕರರಿಗೆ ಅದು ತಮ್ಮದೇ ನಾಡು. 1684ರಲ್ಲಿ ‘ಇಸಬೆಲ್ಲಾ’ ಎಂಬ ಹಡಗು 150 ಆಫ್ರಿಕನ್ನರನ್ನು ತುಂಬಿಕೊಂಡು ಫಿಲಡೆಲ್ಫಿಯಾಕ್ಕೆ ಬಂತು. ಕಾಡು ಕಡಿಯಲು ಆಳು ಸಿಗದೆ ಒದ್ದಾಡುತ್ತಿದ್ದ ವಲಸಿಗರು, ಕ್ವೇಕರರೂ ಸೇರಿದಂತೆ, ಅವರನ್ನು ಕೊಂಡುಕೊಂಡರು. ಪೆನ್ ಬಳಿಯೂ ಗುಲಾಮರಿದ್ದರು. ಪ್ರತಿಯೊಬ್ಬರಲ್ಲೂ ದೇವರ ಬೆಳಕಿದೆ ಅನ್ನುವವರ ಹೊಲದಲ್ಲಿ ಸಂಬಳವಿಲ್ಲದೆ, ಬಿಡುಗಡೆಯಿಲ್ಲದೆ ದುಡಿಯುವವರು!

ಈ ವಿರೋಧಾಭಾಸ ಮೊದಲು ಕಣ್ಣಿಗೆ ಬಿದ್ದದ್ದು ಹೊಸದಾಗಿ ಬಂದವರಿಗೆ. ಫಿಲಡೆಲ್ಫಿಯಾದ ಪಕ್ಕದ ಜರ್ಮನ್‌ಟೌನಿನಲ್ಲಿ ನೆಲೆಸಿದ್ದ ನಾಲ್ವರು 1688ರಲ್ಲಿ ಒಂದು ಅರ್ಜಿ ಬರೆದು ಸಹಿ ಹಾಕಿದರು. ಅವರಲ್ಲೊಬ್ಬ ಫ್ರಾನ್ಸಿಸ್ ಡೇನಿಯಲ್ ಪಾಸ್ಟೋರಿಯಸ್, ಕಾನೂನು ಓದಿದವನು. ಇಂಗ್ಲಿಷು ಅವರ ಮನೆಮಾತಲ್ಲ, ಬರವಣಿಗೆ ಒರಟು, ಆದರೆ ಪ್ರಶ್ನೆಗಳು ನೇರ. ನಿಮ್ಮನ್ನು ಯಾರಾದರೂ ಹೀಗೆ ಹಿಡಿದು ಮಾರಿದರೆ ಒಪ್ಪುತ್ತೀರಾ? ಕಡಲಿನಲ್ಲಿ ತುರ್ಕರ ಹಡಗು ಕಂಡರೆ ಗುಲಾಮರಾಗಿಬಿಡುತ್ತೇವೆಂದು ನಡುಗುವ ನೀವು, ಇಲ್ಲಿ ಮಾಡುತ್ತಿರುವುದು ಅದಕ್ಕಿಂತ ಹೇಗೆ ಮೇಲು? ಗುಲಾಮರು ದಂಗೆ ಎದ್ದರೆ, ಅವರನ್ನು ಹಿಡಿದಿಡಲು ನಿಮಗಿರುವಷ್ಟೇ ಹಕ್ಕು ಸ್ವಾತಂತ್ರ್ಯಕ್ಕಾಗಿ ಹೋರಾಡಲು ಅವರಿಗೂ ಇಲ್ಲವೇ?

ಈಗ ಆ ಅರ್ಜಿಯ ಪ್ರಯಾಣ ನೋಡಿ. ತಿಂಗಳ ಸಭೆ ಓದಿತು, ಇದು ತುಂಬಾ ತೂಕದ ವಿಷಯ, ನಮ್ಮ ಮಟ್ಟದ್ದಲ್ಲ ಅಂತ ಮೂರು ತಿಂಗಳ ಸಭೆಗೆ ಕಳಿಸಿತು. ಅವರೂ ಹಾಗೆಯೇ ಅಂದು ವಾರ್ಷಿಕ ಸಭೆಗೆ ಕಳಿಸಿದರು. ಬರ್ಲಿಂಗ್ಟನ್ನಿನಲ್ಲಿ ಸೇರಿದ ವಾರ್ಷಿಕ ಸಭೆ, ಇದು ಬೇರೆ ಎಷ್ಟೋ ಕಡೆಗೆ ಸಂಬಂಧಿಸಿದ್ದು, ನಾವೇ ತೀರ್ಪು ಕೊಡೋದು ಸರಿಯಲ್ಲ ಅಂತ ಬದಿಗಿಟ್ಟಿತು. ಟೇಬಲ್ಲಿನಿಂದ ಟೇಬಲ್ಲಿಗೆ ಫೈಲು ಓಡಾಡೋದು ನಮ್ಮ ಸರ್ಕಾರಿ ಕಚೇರಿಗಳ ಆವಿಷ್ಕಾರ ಅಂದುಕೊಂಡವರು ಗಮನಿಸಿ :-) ಬದಿಗಿಟ್ಟ ಆ ಕಾಗದ ಮತ್ತೆ ಸಿಕ್ಕಿದ್ದು 1844ರಲ್ಲಿ. ಆಮೇಲೆ ಮತ್ತೊಮ್ಮೆ ಕಳೆದುಹೋಗಿ, 2005ರಲ್ಲಿ ಫಿಲಡೆಲ್ಫಿಯಾದ ಸಭಾಭವನವೊಂದರ ಭದ್ರಕೋಣೆಯಲ್ಲಿ ಸಿಕ್ಕಿತು.

ತಮಾಷೆ ಬಿಟ್ಟು ಯೋಚಿಸಿದರೆ, ಅಲ್ಲಿ ಯಾರೂ ‘ಇಲ್ಲ’ ಅನ್ನಲೇ ಇಲ್ಲ. ಎಲ್ಲರೂ ‘ಇಲ್ಲಿ ಅಲ್ಲ, ಈಗ ಅಲ್ಲ’ ಅಂದರು. ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ ಅನ್ನುವ ವ್ಯವಸ್ಥೆಯಲ್ಲಿ ಗುಲಾಮರ ಒಡೆಯ ವಾದ ಮಾಡಿ ಗೆಲ್ಲಬೇಕಿಲ್ಲ. ಇನ್ನೂ ಮನಸ್ಸು ಒಪ್ಪುತ್ತಿಲ್ಲ ಅಂದರೆ ಸಾಕು. ಪ್ರಭಾವಿ ಕ್ವೇಕರರಲ್ಲಿ ಎಷ್ಟೋ ಜನ ಸ್ವತಃ ಒಡೆಯರು. 1696ರಲ್ಲಿ ವಾರ್ಷಿಕ ಸಭೆ, ಇನ್ನು ಮುಂದೆ ಗುಲಾಮರನ್ನು ತರಿಸುವುದಕ್ಕೆ ಪ್ರೋತ್ಸಾಹ ಕೊಡಬೇಡಿ ಅಂತ ಬುದ್ಧಿ ಹೇಳಿತು. ಬುದ್ಧಿಮಾತು ಅಷ್ಟೇ, ಶಿಕ್ಷೆ ಇಲ್ಲ. ಚೆಸ್ಟರಿನ ಸಭೆಯವರು ಮುಂದಿನ ದಶಕಗಳಲ್ಲಿ ಮತ್ತೆ ಮತ್ತೆ ವಿಷಯ ಎತ್ತಿದರು. ಬಂದ ಉತ್ತರ ಮತ್ತೆ ಮತ್ತೆ ಬುದ್ಧಿಮಾತೇ.

ಇಂಥ ಶಾಂತ ಸಭೆಗೆ ಬಿರುಗಾಳಿಯ ಹಾಗೆ ಬಂದವನು ಬೆಂಜಮಿನ್ ಲೇ. ನಾಲ್ಕಡಿಗಿಂತ ಸ್ವಲ್ಪವೇ ಎತ್ತರ, ಗೂನುಬೆನ್ನು. ಬಾರ್ಬಡೋಸಿನಲ್ಲಿ ಅಂಗಡಿ ಇಟ್ಟುಕೊಂಡಿದ್ದಾಗ ಸಕ್ಕರೆ ತೋಟದ ಗುಲಾಮರ ಹಸಿವನ್ನೂ ಹಿಂಸೆಯನ್ನೂ ಕಣ್ಣಾರೆ ಕಂಡಿದ್ದ. 1732ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದ ಮೇಲೆ ಗುಹೆಯಂಥ ಮನೆಯಲ್ಲಿ ವಾಸ. ಮಾಂಸ ಮುಟ್ಟುತ್ತಿರಲಿಲ್ಲ, ಗುಲಾಮರು ಬೆಳೆದದ್ದನ್ನು ತಿನ್ನುತ್ತಿರಲಿಲ್ಲ, ತನ್ನ ಬಟ್ಟೆಗೆ ತಾನೇ ನೂಲುತ್ತಿದ್ದ. (ಗಾಂಧೀಜಿ ನೆನಪಾದರೆ ತಪ್ಪಿಲ್ಲ, ಆದರೆ ಈ ಮನುಷ್ಯನ ಬಾಯಿ ಮಾತ್ರ ಬೆಂಕಿ.) ಚಳಿಗಾಲದಲ್ಲಿ ಒಂದು ಕಾಲು ಬರಿದು ಮಾಡಿಕೊಂಡು ಸಭೆಯ ಬಾಗಿಲಲ್ಲಿ ಹಿಮದಲ್ಲಿ ನಿಂತ. ಅಯ್ಯೋ ಕಾಯಿಲೆ ಬೀಳುತ್ತೀಯ ಅಂದವರಿಗೆ, ನನ್ನ ಮೇಲೆ ಕನಿಕರ ಬರುತ್ತೆ, ಚಳಿಗಾಲವಿಡೀ ಅರೆಬಟ್ಟೆಯಲ್ಲಿ ನಿಮ್ಮ ಹೊಲದಲ್ಲಿ ದುಡಿಯುವವರ ಮೇಲೆ ಬರೋದಿಲ್ಲವಾ ಅಂತ ಕೇಳಿದ.

1738ರ ವಾರ್ಷಿಕ ಸಭೆಗೆ ದೊಡ್ಡ ಮೇಲಂಗಿ ಹೊದ್ದು ಬಂದ. ಎದ್ದು ನಿಂತು ಅದನ್ನು ಕಿತ್ತೆಸೆದರೆ ಒಳಗೆ ಸೈನಿಕನ ಕೋಟು, ಸೊಂಟದಲ್ಲಿ ಕತ್ತಿ. ಆಯುಧ ಮುಟ್ಟದ ಕ್ವೇಕರರ ಸಭೆಯಲ್ಲಿ! ಗುಲಾಮರನ್ನು ಇಟ್ಟುಕೊಂಡವರ ರಕ್ತವನ್ನು ದೇವರು ಹೀಗೆ ಹರಿಸುತ್ತಾನೆ ಅನ್ನುತ್ತಾ ಕೈಯಲ್ಲಿದ್ದ ಪುಸ್ತಕಕ್ಕೆ ಕತ್ತಿ ಇರಿದ. ಪುಸ್ತಕದ ಒಳಗೆ ಟೊಳ್ಳು ಮಾಡಿ ಕೆಂಪು ಹಣ್ಣಿನ ರಸದ ಚೀಲ ಇಟ್ಟಿದ್ದ. ಪಕ್ಕದಲ್ಲಿದ್ದವರ ಮೇಲೆಲ್ಲ ಕೆಂಪು ಚಿಮ್ಮಿತು. ಹಿಡಿದು ಹೊರಗೆ ಹಾಕಿದರು. ಅದಕ್ಕೂ ಸ್ವಲ್ಪ ಮುಂಚೆ ಅವನು ಗುಲಾಮರ ಒಡೆಯರ ಮೇಲೆ ಬರೆದ ಪುಸ್ತಕವನ್ನು ಬೆಂಜಮಿನ್ ಫ್ರಾಂಕ್ಲಿನ್ ಮುದ್ರಿಸಿಕೊಟ್ಟಿದ್ದ, ಆದರೆ ತನ್ನ ಹೆಸರು ಹಾಕದೆ. ಪಂಗಡ ಲೇಯನ್ನು ಬಹಿಷ್ಕರಿಸಿತು. ಗುಲಾಮರನ್ನು ಇಟ್ಟುಕೊಂಡವರು ಒಳಗೆ, ಅದು ತಪ್ಪು ಅಂದವನು ಹೊರಗೆ.

ಎರಡನೆಯ ದಾರಿ ಜಾನ್ ವುಲ್ಮನ್‌ನದು. ನ್ಯೂ ಜೆರ್ಸಿಯ ದರ್ಜಿ, ಮೃದು ಮನುಷ್ಯ. ಇಪ್ಪತ್ತರ ಆಸುಪಾಸಿನಲ್ಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ, ಯಜಮಾನ ತನ್ನ ಬಳಿಯಿದ್ದ ಕರಿಯ ಹೆಂಗಸೊಬ್ಬಳನ್ನು ಮಾರಿ, ಕ್ರಯಪತ್ರ ಬರೆ ಅಂದ. ಕೊಳ್ಳುವವನೂ ಕ್ವೇಕರ್, ಹಿರಿಯ. ವುಲ್ಮನ್ ಬರೆದ, ಆದರೆ ಇದು ಧರ್ಮಕ್ಕೆ ಹೊಂದುವ ಕೆಲಸವಲ್ಲ ಅಂತ ಇಬ್ಬರಿಗೂ ಹೇಳಿದ. ಆಮೇಲೆ ಅಂಥ ಪತ್ರ ಬರೆಯೋದನ್ನೇ ನಿಲ್ಲಿಸಿದ. ಒಮ್ಮೆ ನೆರೆಯವನೊಬ್ಬ ಪೆಟ್ಟು ತಿಂದು ಹಾಸಿಗೆ ಹಿಡಿದು ಉಯಿಲು ಬರೆಸಿದ. ವುಲ್ಮನ್ ಎಲ್ಲ ಬರೆದ, ಗುಲಾಮಳು ಯಾರಿಗೆ ಅನ್ನುವ ಭಾಗವೊಂದನ್ನು ಬಿಟ್ಟು. ಹಾಸಿಗೆಯ ಪಕ್ಕ ಕೂತು, ಇದನ್ನು ನನ್ನ ಕೈಯಲ್ಲಿ ಬರೆಯಲಾಗದು ಅಂದ. ಮಾತಾದ ಮೇಲೆ ನೆರೆಯವ ಅವಳನ್ನು ಬಿಡುಗಡೆ ಮಾಡಲು ಒಪ್ಪಿದ, ಉಯಿಲು ಪೂರ್ತಿಯಾಯಿತು. ವುಲ್ಮನ್ ವರ್ಷಗಟ್ಟಲೆ ಹೀಗೆ ಮನೆಮನೆಗೆ ಹೋದ. ಒಡೆಯನ ಮನೆಯಲ್ಲಿ ಉಳಿದರೆ, ತನ್ನ ಸೇವೆ ಮಾಡಿದ ಗುಲಾಮರಿಗೆ ಹಣ ಕೊಟ್ಟು ಹೊರಡುತ್ತಿದ್ದ.

1758ರ ಫಿಲಡೆಲ್ಫಿಯಾ ವಾರ್ಷಿಕ ಸಭೆ. ಮತ್ತೆ ಹಳೆಯ ಸಲಹೆಯೇ ಬಂತು: ಕಾಯೋಣ, ದೇವರೇ ದಾರಿ ತೋರಿಸುತ್ತಾನೆ. ವುಲ್ಮನ್ ಎದ್ದು, ಕೆಲವರ ಸ್ವಂತ ಲಾಭ ನೋಡಿಕೊಂಡು, ಸ್ನೇಹದ ದಾಕ್ಷಿಣ್ಯಕ್ಕೆ ಬಿದ್ದು ಇನ್ನೂ ತಡಮಾಡಿದರೆ ದೇವರು ಭಯಂಕರವಾಗಿ ಉತ್ತರ ಕೊಟ್ಟಾನು ಅಂದ. ಆ ದಿನ ಸಭೆ ವಾಲಿತು. ಗುಲಾಮರನ್ನು ಕೊಳ್ಳುವ, ಮಾರುವ ಸದಸ್ಯರನ್ನು ತೀರ್ಮಾನದ ಸಭೆಗಳಿಂದ ದೂರ ಇಡುವುದು, ಒಡೆಯರ ಮನೆಗಳಿಗೆ ಹೋಗಿ ಮಾತಾಡಲು ಸಮಿತಿ ಕಳಿಸುವುದು ಅಂತ ನಿರ್ಣಯವಾಯಿತು. ಸುದ್ದಿ ಕೇಳಿದ ಲೇ, ಇನ್ನು ನೆಮ್ಮದಿಯಾಗಿ ಸಾಯಬಹುದು ಅಂದನಂತೆ. ಮರುವರ್ಷ ತೀರಿಕೊಂಡ. 1774ರಲ್ಲಿ ಕೊಳ್ಳುವ-ಮಾರುವವರಿಗೆ ಬಹಿಷ್ಕಾರ, 1776ರಲ್ಲಿ ಬಿಡುಗಡೆ ಮಾಡಲು ಒಪ್ಪದ ಒಡೆಯರಿಗೂ ಬಹಿಷ್ಕಾರ. ಡೆಲವೇರಿನ ವಾರ್ನರ್ ಮಿಫ್ಲಿನ್ 1774-75ರಲ್ಲಿ ತನ್ನವರನ್ನು ಬಿಡುಗಡೆ ಮಾಡಿದ್ದಲ್ಲದೆ, ಅವರು ಮಾಡಿದ ಹಳೆಯ ದುಡಿಮೆಗೂ ಹಣ ಕಟ್ಟಿಕೊಟ್ಟ. 1787ರಲ್ಲಿ ಲಂಡನ್ನಿನಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಸಂಘ ಕಟ್ಟಿದ ಹನ್ನೆರಡು ಜನರಲ್ಲಿ ಒಂಬತ್ತು ಜನ ಕ್ವೇಕರರು.

ವೋಟು ಹಾಕಿದ್ದರೆ ಬೇಗ ಆಗುತ್ತಿತ್ತಾ? ಮೆಥಡಿಸ್ಟ್ ಚರ್ಚಿನ ಕಥೆ ನೋಡಿ. 1784ರಲ್ಲಿ ಬಾಲ್ಟಿಮೋರಿನಲ್ಲಿ ಸೇರಿದ ಅವರ ಬೋಧಕರು, ಸದಸ್ಯರು ಗುಲಾಮರನ್ನು ಬಿಡಬೇಕು ಅಂತ ಕಟ್ಟುನಿಟ್ಟಿನ ನಿಯಮ ಮಾಡಿದರು. ಗಲಾಟೆಯಾಯಿತು, 1785ರಲ್ಲೇ ನಿಯಮವನ್ನು ಅಮಾನತಿನಲ್ಲಿಟ್ಟರು. 1844ರಲ್ಲಿ, ಹೌದು, ಆ ಜರ್ಮನ್‌ಟೌನ್ ಕಾಗದ ಸಿಕ್ಕ ವರ್ಷವೇ, ಗುಲಾಮರನ್ನು ಹೊಂದಿದ್ದ ಬಿಷಪ್ ಒಬ್ಬನ ವಿಷಯಕ್ಕೆ ಅವರಲ್ಲಿ ವೋಟಾಯಿತು. ಚರ್ಚು ಉತ್ತರ-ದಕ್ಷಿಣ ಅಂತ ಹೋಳಾಯಿತು. ಮತ್ತೆ ಒಂದಾಗಿದ್ದು 1939ರಲ್ಲಿ. ಒಂದು ದಿನದಲ್ಲಿ ಮಾಡಿದ ನಿಯಮ ವರ್ಷ ನಿಲ್ಲಲಿಲ್ಲ, ಎಂಬತ್ತೆಂಟು ವರ್ಷ ತೆಗೆದುಕೊಂಡದ್ದು ಹಿಂದಕ್ಕೆ ಹೋಗಲಿಲ್ಲ.

ಹಾಗಾದರೆ ಕ್ವೇಕರ್ ದಾರಿಯೇ ಸರಿ ಅಂತ ಬರೆದು ಮುಗಿಸಬಹುದಿತ್ತು. ನನಗೆ ಮನಸ್ಸು ಬರುತ್ತಿಲ್ಲ. ಎಲ್ಲರೂ ಒಪ್ಪಬೇಕು ಅನ್ನುವಾಗ ಆ ‘ಎಲ್ಲರೂ’ ಯಾರು? ಕೂತವರು ಮಾತ್ರ. ವುಲ್ಮನ್ ಬರೆದ ಆ ಕ್ರಯಪತ್ರದ ಹೆಂಗಸಿಗೆ ಸಭೆಯಲ್ಲಿ ಜಾಗ ಇರಲಿಲ್ಲ. ಕೂತವರ ತಾಳ್ಮೆಗೆ ಬೆಲೆ ಕೊಟ್ಟವರು ಹೊರಗಿದ್ದವರು. ಒಬ್ಬ ಒಡೆಯನ ಮನಸ್ಸು ಮಾಗಲು ಹತ್ತು ವರ್ಷ ಬೇಕಾದರೆ, ಆ ಹತ್ತು ವರ್ಷ ಇನ್ನೊಬ್ಬರ ಆಯುಷ್ಯದಿಂದ ಕಳೆಯುತ್ತಿತ್ತು. ತೀರ್ಮಾನವಾದ ಮೇಲಾದರೂ ಜಾಗ ಸಿಕ್ಕಿತೇ? 19ನೇ ಶತಮಾನದಲ್ಲೂ ಫಿಲಡೆಲ್ಫಿಯಾದ ಸಭೆಯಲ್ಲಿ ಕರಿಯರಿಗೆ ಬೇರೆ ಬೆಂಚು ಇತ್ತು. ಶಿಕ್ಷಕಿ ಸಾರಾ ಮ್ಯಾಪ್ಸ್ ಡಗ್ಲಾಸ್ ತಾಯಿಯ ಜೊತೆ ಆ ಬೆಂಚಿನಲ್ಲಿ ಕೂತವರು, ಅದರ ವಿರುದ್ಧ ದನಿ ಎತ್ತಿದವರು. ಗುಲಾಮಗಿರಿ ತಪ್ಪು ಅಂತ ಒಮ್ಮತ ಬಂದಿತ್ತು, ಪಕ್ಕದಲ್ಲಿ ಕೂರಬಹುದು ಅನ್ನುವ ಒಮ್ಮತ ಬಂದಿರಲಿಲ್ಲ.

ಇನ್ನೊಂದು ಮಾತು. ಸಭೆಯನ್ನು ಒಲಿಸಿದ ಕೀರ್ತಿಯೆಲ್ಲ ವುಲ್ಮನ್‌ಗೆ ಹೋಗುತ್ತೆ. ಆದರೆ ಇಪ್ಪತ್ತು ವರ್ಷ ಮೊದಲು ಕೆಂಪು ರಸ ಚೆಲ್ಲಿದವನಿಲ್ಲದಿದ್ದರೆ ಆ ಮೃದು ಮಾತು ಯಾರ ಕಿವಿಗಾದರೂ ಬೀಳುತ್ತಿತ್ತಾ? ಮೌನದ ಸಭೆಯಲ್ಲಿ ಮರ್ಯಾದೆ ಮುರಿದವನೊಬ್ಬ ಬೇಕಿತ್ತು, ಮರ್ಯಾದೆ ಬಿಡದೆ ಬಾಗಿಲು ಬಡಿದವನೊಬ್ಬನೂ ಬೇಕಿತ್ತು ಅನ್ನಿಸುತ್ತೆ. 2017-18ರಲ್ಲಿ ಇಂಗ್ಲೆಂಡ್ ಮತ್ತು ಅಮೆರಿಕದ ಕೆಲವು ಕ್ವೇಕರ್ ಸಭೆಗಳು ಲೇ ತಮ್ಮವನೇ ಅಂತ ಒಪ್ಪಿಕೊಂಡವು. ಬಹಿಷ್ಕಾರವಾಗಿ ಆಗಲೇ 280 ವರ್ಷ ಆಗಿತ್ತು.

‘ಎಲ್ಲರನ್ನೂ ಒಪ್ಪಿಸಿಕೊಂಡು ಹೋಗೋಣ, ಸ್ವಲ್ಪ ತಾಳಿ’ ಅನ್ನೋದು ಒಳ್ಳೆಯ ಮಾತೇ. ಆದರೆ ಅದನ್ನು ಕೇಳಿದಾಗಲೆಲ್ಲ ನಾನೀಗ ಒಂದು ಪ್ರಶ್ನೆ ಸೇರಿಸಿಕೊಳ್ಳುತ್ತೇನೆ: ತಾಳುತ್ತಿರುವವರು ಯಾರು? ಒಳಗೆ ಕೂತವರೋ, ಹೊರಗೆ ನಿಂತವರೋ?

ನಿಮಗೇನನ್ನಿಸುತ್ತೆ?