ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಕೆ: ಎಂಟನೇ ತರಗತಿಯಿಂದ ಒಂದನೇ ತರಗತಿಯವರೆಗೆ

ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಪ್ರಾಥಮಿಕ ತರಗತಿಯ ಮಕ್ಕಳಿಗೂ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಪಠ್ಯಪುಸ್ತಕವಿದೆ. ಈ ಕಲಿಕೆ ಮೇಲಿನಿಂದ ಕೆಳಕ್ಕೆ ಇಳಿದು ಬಂದದ್ದು. ಮೊದಲು ಹೈಸ್ಕೂಲು, ಆಮೇಲೆ 5ರಿಂದ 7ರವರೆಗಿನ ಯುಪಿ ತರಗತಿಗಳು, ಕೊನೆಗೆ ಪುಟ್ಟ ಮಕ್ಕಳ ಎಲ್‌ಪಿ ಶಾಲೆ.

ಭಾರತದ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಮೊದಲ ದೊಡ್ಡ ಪ್ರಯತ್ನ 1984ರಲ್ಲಿ ಶುರುವಾದ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆ. ಬ್ರಿಟನ್ನಿನ ಬಿಬಿಸಿ ಮೈಕ್ರೋ ಯಂತ್ರಗಳು ಆಯ್ದ ಕೆಲವು ಶಾಲೆಗಳಿಗೆ ಬಂದವು. ಆದರೆ ಆ ಯೋಜನೆಯ ಗಮನವಿದ್ದದ್ದು ದೊಡ್ಡ ತರಗತಿಗಳ ಮೇಲೆ.

ಕೇರಳ ತನ್ನದೇ ದಾರಿ ಹಿಡಿದದ್ದು ಶತಮಾನದ ತಿರುವಿನಲ್ಲಿ. ಶಾಲೆಗೆ ಮಾಹಿತಿ ತಂತ್ರಜ್ಞಾನ ತರುವ ಬಗೆ ಹೇಗೆಂದು ತಿಳಿಸಲು ರಾಜ್ಯ ಸರ್ಕಾರ ಒಂದು ಕಾರ್ಯಪಡೆ ರಚಿಸಿ, ಇಸ್ರೋದ ಮಾಜಿ ಅಧ್ಯಕ್ಷ ಪ್ರೊ. ಯು. ಆರ್. ರಾವ್ ಅವರನ್ನು ಅದರ ಮುಖ್ಯಸ್ಥರನ್ನಾಗಿ ಮಾಡಿತು. ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿ, ಆರ್ಯಭಟ ಉಪಗ್ರಹವನ್ನು ಕಟ್ಟಿದ ತಂಡವನ್ನು ಮುನ್ನಡೆಸಿದವರು ಅವರು. ಆ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ 'ಐಟಿ ಅಟ್ ಸ್ಕೂಲ್' ಯೋಜನೆ ಹುಟ್ಟಿತು.

ಮುಂದಿನ ಎಲ್ಲವನ್ನೂ ನಿರ್ಧರಿಸಿದ್ದು ಆ ಮೊದಲ ವರ್ಷಗಳ ಒಂದು ವಾಗ್ವಾದ. ಆರಂಭದ ಪಾಠಗಳು ಒಂದೇ ಖಾಸಗಿ ಕಂಪನಿಯ ತಂತ್ರಾಂಶವನ್ನು ನೆಚ್ಚಿಕೊಂಡಿದ್ದವು. ಸರ್ಕಾರಿ ಶಾಲೆ ಒಂದು ಕಂಪನಿಯ ಸರಕನ್ನು ಪಠ್ಯವಾಗಿ ಕಲಿಸಬಹುದೇ ಎಂದು ಶಿಕ್ಷಕ ಸಂಘಟನೆಗಳು ಪಟ್ಟು ಹಿಡಿದು ಕೇಳಿದವು. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ 'ಸ್ವತಂತ್ರ ತಂತ್ರಾಂಶ'ದ ಚಳವಳಿಯ ರಿಚರ್ಡ್ ಸ್ಟಾಲ್‌ಮನ್ 2001ರಲ್ಲೇ ತಿರುವನಂತಪುರಕ್ಕೆ ಬಂದು ಅದರ ಭಾರತ ಶಾಖೆಗೆ ಚಾಲನೆ ಕೊಟ್ಟಿದ್ದರು. ಊರಿನಲ್ಲಿ ಆ ವಿಚಾರಕ್ಕೆ ಆಗಲೇ ಬೆಂಬಲಿಗರಿದ್ದರು. ಕೆಲವೇ ವರ್ಷಗಳಲ್ಲಿ ಶಾಲೆಗಳು ಪೂರ್ತಿಯಾಗಿ ಸ್ವತಂತ್ರ ತಂತ್ರಾಂಶಕ್ಕೆ ಬದಲಾದವು, ಎಸ್ಸೆಸ್ಸೆಲ್ಸಿಯ ಐಟಿ ಪರೀಕ್ಷೆಯೂ ಅದರಲ್ಲೇ ನಡೆಯತೊಡಗಿತು. ಯೋಜನೆಯವರು ಶಾಲೆಗಳಿಗೆಂದೇ ಗ್ನೂ/ಲಿನಕ್ಸ್ ಎಂಬ ಸ್ವತಂತ್ರ ಕಾರ್ಯಾಚರಣಾ ವ್ಯವಸ್ಥೆಯ ಒಂದು ಆವೃತ್ತಿಯನ್ನು ಸಿದ್ಧಪಡಿಸಿದರು.

ಕೇರಳ ತೆಗೆದುಕೊಂಡ ನಿರ್ಧಾರಗಳಲ್ಲಿ ಇದೇ ಅತಿ ಮಹತ್ವದ್ದು. ಲೈಸೆನ್ಸ್ ಶುಲ್ಕ ಉಳಿಯಿತು ಎಂಬುದು ಅದರ ಒಂದು ಮುಖ ಮಾತ್ರ. ಶಾಲೆಯಲ್ಲಿ ಬಳಸುವ ತಂತ್ರಾಂಶವನ್ನೇ ಶಿಕ್ಷಕರು ಮನೆಗೂ ಒಯ್ಯಬಹುದಿತ್ತು, ನಕಲು ಮಾಡಿ ಮಕ್ಕಳಿಗೆ ಹಂಚಬಹುದಿತ್ತು, ಪರದೆಯ ಭಾಷೆಯನ್ನು ತಮ್ಮದಾಗಿಸಿಕೊಳ್ಳಬಹುದಿತ್ತು. ತರಬೇತಿ ಕೊಡುವವರೂ ಹೊರಗಿನವರಲ್ಲ, ಶಾಲೆಗಳಿಂದಲೇ ನಿಯೋಜನೆಯ ಮೇಲೆ ಬಂದ ಮೇಷ್ಟ್ರುಗಳು, ಟೀಚರುಗಳು. ಯಂತ್ರಕ್ಕಿಂತ ಮುಂಚೆ ಶಿಕ್ಷಕರನ್ನು ಸಿದ್ಧಗೊಳಿಸಿದ್ದರಿಂದಲೇ ಈ ಕಲಿಕೆ ಕಿರಿಯ ತರಗತಿಗಳವರೆಗೆ ಇಳಿಯಲು ಸಾಧ್ಯವಾಯಿತು.

ಕಿರಿಯ ಮಕ್ಕಳ ಪುಸ್ತಕಕ್ಕೆ ಇಟ್ಟ ಹೆಸರು 'ಕಳಿಪ್ಪೆಟ್ಟಿ', ಅಂದರೆ ಆಟದ ಪೆಟ್ಟಿಗೆ. ಟಕ್ಸ್ ಪೇಂಟ್ ಎಂಬ ತಂತ್ರಾಂಶದಲ್ಲಿ ಬಣ್ಣ ತುಂಬುವುದು, ಜಿಕಾಂಪ್ರಿ ಎಂಬ ಇನ್ನೊಂದರ ಆಟಗಳಲ್ಲಿ ಎಣಿಕೆ ಕಲಿಯುವುದು ಇಂಥ ಪಾಠಗಳಿಗೆ ಒಗ್ಗುವ ಚಟುವಟಿಕೆಗಳು. ಆಡುತ್ತ ಆಡುತ್ತಲೇ ಮೌಸ್ ಕೈಗೆ ಹಿಡಿಯುತ್ತದೆ. ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮ ಶಾಲೆಗಳಿಗಾಗಿ ಐಸಿಟಿ ಪುಸ್ತಕಗಳು ಕನ್ನಡದಲ್ಲೂ ಅಚ್ಚಾಗುತ್ತವೆ. ಗಡಿನಾಡಿನ ಮಗುವಿಗೆ ಇದು ಸಣ್ಣ ಸಂಗತಿಯಲ್ಲ.

2005ರಲ್ಲಿ ರಾಷ್ಟ್ರಪತಿ ಎ. ಪಿ. ಜೆ. ಅಬ್ದುಲ್ ಕಲಾಂ ಉದ್ಘಾಟಿಸಿದ್ದ ಇದೇ ಯೋಜನೆಯ ವಿಕ್ಟರ್ಸ್ ಶೈಕ್ಷಣಿಕ ಟಿವಿ ವಾಹಿನಿ 15 ವರ್ಷಗಳ ನಂತರ ಇಡೀ ರಾಜ್ಯದ ತರಗತಿಯಾಯಿತು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ, 2020ರ ಜೂನ್ 1ರಂದು, ಅದರಲ್ಲಿ 'ಫಸ್ಟ್ ಬೆಲ್' ಪಾಠಗಳು ಆರಂಭವಾದವು. ಮನೆಯಲ್ಲಿ ಟಿವಿ ಇಲ್ಲದ ಮಕ್ಕಳಿಗಾಗಿ ಗ್ರಂಥಾಲಯ, ಅಂಗನವಾಡಿಗಳಲ್ಲಿ ವ್ಯವಸ್ಥೆ ಮಾಡಬೇಕಾಯಿತು. ಶಾಲೆಗೆ ಸಲಕರಣೆ ಸಿಕ್ಕರೂ ಮನೆ ಮನೆಗಳ ನಡುವಿನ ಅಂತರ ಉಳಿದೇ ಇತ್ತೆಂಬುದು ಆಗ ಕಣ್ಣಿಗೆ ರಾಚಿತು. ಅದೇ ವರ್ಷ ಅಕ್ಟೋಬರ್ 12ರಂದು ಸರ್ಕಾರ ತನ್ನ ಸಾರ್ವಜನಿಕ ಶಿಕ್ಷಣ ಸಂಪೂರ್ಣ ಡಿಜಿಟಲ್ ಆಯಿತೆಂದು ಘೋಷಿಸಿತು.

'ಐಟಿ ಅಟ್ ಸ್ಕೂಲ್' 2017ರಲ್ಲಿ 'ಕೈಟ್' ಎಂಬ ಸರ್ಕಾರಿ ಕಂಪನಿಯಾಗಿತ್ತು. 2022ರಲ್ಲಿ ಅದು 'ಸತ್ಯಮೇವ ಜಯತೇ' ಎಂಬ ಕಾರ್ಯಕ್ರಮದಡಿ 5ನೇ ತರಗತಿಯಿಂದಲೇ ಸುಳ್ಳು ಸುದ್ದಿಯನ್ನು ಗುರುತಿಸುವ ಬಗೆಯನ್ನು ಕಲಿಸಿತು. 2024ರಲ್ಲಿ 7ನೇ ತರಗತಿಯ ಪುಸ್ತಕಕ್ಕೆ ಕೃತಕ ಬುದ್ಧಿಮತ್ತೆ ಬಂತು. ಮುಖದ ಭಾವವನ್ನು ಗುರುತಿಸುವ ಒಂದು ಪುಟ್ಟ ಪ್ರೋಗ್ರಾಮನ್ನು ಮಕ್ಕಳು ತಾವೇ ಬರೆಯುವುದು ಆ ಪಾಠದ ಚಟುವಟಿಕೆ.