ಬಾಡಿಗೆ ಇಲ್ಲ, ಬಡ್ಡಿ ಇಲ್ಲ

ನಮ್ಮಪ್ಪ ಬೆಂಗಳೂರಿನಲ್ಲಿ ಪತ್ರ ಬರಹಗಾರರಾಗಿದ್ದರು. ಸಬ್‌ರಿಜಿಸ್ಟ್ರಾರ್ ಕಚೇರಿಯೆದುರಿನ ಮರದ ಕೆಳಗೆ ಒಂದು ಮೇಜು, ಎರಡು ಕುರ್ಚಿ. ಅವರ ಪಕ್ಕದಲ್ಲಿ ಕೂತು ನಾನು ಈ ಕಸುಬು ಕಲಿತದ್ದು ಭೋಗ್ಯಪತ್ರಗಳ ನಕಲು ತೆಗೆಯುತ್ತಾ. ಕ್ರಯಪತ್ರ, ವಿಭಾಗಪತ್ರಗಳು ಪುಟಗಟ್ಟಲೆ ಬೆಳೆಯುತ್ತಿದ್ದವು. ಭೋಗ್ಯಪತ್ರದ ಜೀವ ಮಾತ್ರ ಒಂದೇ ಸಾಲಿನಲ್ಲಿರುತ್ತಿತ್ತು: ಸದರಿ ಮನೆಗೆ ಬಾಡಿಗೆ ಇಲ್ಲ, ಸದರಿ ಹಣಕ್ಕೆ ಬಡ್ಡಿ ಇಲ್ಲ.

ಹನುಮಂತನಗರದ ನಮ್ಮ ಮನೆ ಎದ್ದದ್ದೇ ಈ ಸಾಲಿನ ಮೇಲೆ. ಮೂವತ್ತು–ನಲವತ್ತರ ಸೈಟು. ಕೆಳಗಿನ ಮನೆ ಮುಗಿಯುವಷ್ಟರಲ್ಲಿ ಅಮ್ಮನ ಬಳೆ ಗಿರವಿ ಅಂಗಡಿ ಸೇರಿದ್ದವು. ಅಪ್ಪನಿಗೆ ಸಂಬಳದ ಚೀಟಿ ಇಲ್ಲ, ಬ್ಯಾಂಕಿನ ಸಾಲದ ಮಾತೇ ಇಲ್ಲ. 1984ರಲ್ಲಿ ಆ ಮನೆಯನ್ನು ನಿವೃತ್ತ ಮೇಷ್ಟ್ರೊಬ್ಬರಿಗೆ 25,000 ರೂಪಾಯಿಗೆ ಮೂರು ವರ್ಷ ಭೋಗ್ಯಕ್ಕೆ ಕೊಟ್ಟು, ನಾವು ಹಿಂದಿನ ಶೀಟು ಮನೆಗೆ ಹೋದೆವು. ಆ ಹಣದಲ್ಲಿ ಮೇಲೆ ಎರಡೂವರೆ ಚದರದ ಮನೆ ಎದ್ದಿತು. ಕೈಸಾಲ ತಂದಿದ್ದರೆ ನೂರಕ್ಕೆ ಎರಡರಂತೆ ತಿಂಗಳಿಗೆ 500 ಬಡ್ಡಿ ಕಟ್ಟಬೇಕಿತ್ತು. ಆ ಮನೆಗೆ ಬರುತ್ತಿದ್ದ ಬಾಡಿಗೆಯೂ ಅಷ್ಟೇ. ಮೇಷ್ಟ್ರ ಪಿಎಫ್ ಹಣ ನಮ್ಮ ಗೋಡೆಯಾಯಿತು, ನಮ್ಮ ಗೋಡೆ ಅವರ ಹಣಕ್ಕೆ ಕಾವಲಾಯಿತು.

ಇದು ಬೆಂಗಳೂರಿನವರು ಕಂಡುಕೊಂಡ ಉಪಾಯ ಎಂದೇ ಬಹುಕಾಲ ತಿಳಿದಿದ್ದೆ. ಹಳ್ಳಿಯಲ್ಲಿ ಗದ್ದೆಯನ್ನು ಭೋಗ್ಯಕ್ಕೆ ಹಾಕುವುದು ಗೊತ್ತಿತ್ತು; ಸಾಲ ತೀರುವವರೆಗೆ ಬೆಳೆ ಸಾಲ ಕೊಟ್ಟವನದು. ಆದರೆ ಬೇರು ಇನ್ನೂ ಆಳದಲ್ಲಿದೆ. ಯಾಜ್ಞವಲ್ಕ್ಯ ಸ್ಮೃತಿ ಅಡವಿಟ್ಟ ವಸ್ತುವನ್ನು ಎರಡು ಬಗೆಯಾಗಿ ನೋಡುತ್ತದೆ: ಜೋಪಾನವಾಗಿಡಬೇಕಾದ ಗೋಪ್ಯ, ಬಳಸಿ ಫಲ ಉಣ್ಣಬಹುದಾದ ಭೋಗ್ಯ. ಸಾಲ ದುಪ್ಪಟ್ಟಾದರೂ ಬಿಡಿಸಿಕೊಳ್ಳದಿದ್ದರೆ ಅಡವಿಟ್ಟದ್ದು ಕೈತಪ್ಪುತ್ತದೆ, ಆದರೆ ಫಲಭೋಗ್ಯ ಎಂದಿಗೂ ಕೈತಪ್ಪುವುದಿಲ್ಲ ಎನ್ನುತ್ತದೆ ಆ ಸ್ಮೃತಿ. ಅದಕ್ಕೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ. ಅಪ್ಪ ಇದನ್ನು ಓದಿದವರಲ್ಲ. ಆದರೂ ‘ಭೋಗ್ಯಕ್ಕೆ ಕೊಟ್ಟ ಮನೆ ಕೊಟ್ಟವನದೇ’ ಎಂದು ಪ್ರತಿ ಕಕ್ಷಿದಾರರಿಗೂ ಹೇಳುತ್ತಿದ್ದರು.

ಮನೆ ಹೋಗುವುದಿಲ್ಲ, ಸರಿ. ಹಣ? ಅದು ಸಿಮೆಂಟು, ಕಬ್ಬಿಣವಾಗಿ ಹೋಗಿರುತ್ತದೆ. ಹಳಬರ ಹಣ ತೀರಬೇಕಾದರೆ ಹೊಸಬರು ಬರಬೇಕು. 1987ರಲ್ಲಿ ಮೇಷ್ಟ್ರ ಮಗಳ ಮದುವೆ ಗೊತ್ತಾದಾಗ ನಮಗೆ ಹೊಸಬರು ಸಿಕ್ಕಿರಲಿಲ್ಲ. ‘ಮೇಷ್ಟ್ರೇ, ಇನ್ನೊಂದು ತಿಂಗಳು ತಡ್ಕೊಳ್ಳಿ’ ಎಂದು ಅಪ್ಪ ಕೇಳಿಕೊಂಡಾಗ, ಅವರು ಏನೂ ಹೇಳದೆ ಮದುವೆಯ ಕರೆಯೋಲೆ ತೆಗೆದು ಮೇಜಿನ ಮೇಲಿಟ್ಟರು. ಅಮ್ಮ ಆ ವಾರವೇ ಚೀಟಿ ಕೂಗಿ, ಉಳಿದದ್ದನ್ನು ತನ್ನ ಅಣ್ಣನಿಂದ ತಂದು ಹಣ ಒಪ್ಪಿಸಿದಳು.

ಹಾಗೆ ಒಪ್ಪಿಸದವರನ್ನೂ ನೋಡಿದ್ದೇನೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 59ನೇ ಕಲಮಿನ ಪ್ರಕಾರ ನೂರು ರೂಪಾಯಿ ಮೇಲ್ಪಟ್ಟ ಇಂಥ ಅಡಮಾನ ನೋಂದಣಿಯಾಗಲೇಬೇಕು, ಇಬ್ಬರು ಸಾಕ್ಷಿಗಳ ರುಜು ಬೇಕು. ಮುದ್ರಾಂಕ ಶುಲ್ಕ ಉಳಿಸಲೆಂದು ಜನ ಬರೀ ಛಾಪಾ ಕಾಗದದ ಕರಾರಿನಲ್ಲೇ ಮುಗಿಸುತ್ತಾರೆ. ಹಾಗೆ ಮುಗಿಸಿದ ಒಂದು ಸಂಸಾರ ನನ್ನ ಬಳಿಯೇ ಬರೆಸಿಕೊಂಡಿತ್ತು. ಅವರು ಒಳಗಿದ್ದಾಗಲೇ ಮಾಲೀಕ ಅದೇ ಮನೆಯ ಮೇಲೆ ಸಾಲ ಎತ್ತಿದ. ಋಣಭಾರ ಪತ್ರದಲ್ಲಿ ಭೋಗ್ಯದ ಸುಳಿವೇ ಇರಲಿಲ್ಲ. ಕಂತು ನಿಂತಾಗ ಬಾಗಿಲಿಗೆ ನೋಟಿಸು ಬಿತ್ತು. ಆ ಸಂಸಾರದ ಹೆಂಗಸು ಕರಾರನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದು, ‘ಅಕ್ಕಾ, ನೀವೇ ಬರೆದದ್ದಲ್ವಾ?’ ಎಂದು ಕೇಳಿದಳು. ನಾನೇ ಬರೆದದ್ದು. ನೋಂದಣಿ ಮಾಡಿಸಿ ಎಂದು ಒಮ್ಮೆ ಹೇಳಿದ್ದೆ, ಹಟ ಹಿಡಿಯಲಿಲ್ಲ. ಆಮೇಲೆ ನೋಂದಣಿಯಿಲ್ಲದ ಭೋಗ್ಯವನ್ನು ನಾನು ಬರೆದಿಲ್ಲ. ಎಷ್ಟೋ ಜನ ಎದ್ದು ಪಕ್ಕದ ಮೇಜಿಗೆ ಹೋದರು.

ಅಮ್ಮನ ಟ್ರಂಕಿನಲ್ಲಿ ನಮ್ಮ ಮನೆಯ ಭೋಗ್ಯಪತ್ರಗಳೆಲ್ಲ ಇವೆ. ಪ್ರತಿಯೊಂದರ ಹಿಂಬದಿಯಲ್ಲೂ ರೆವಿನ್ಯೂ ಸ್ಟಾಂಪು, ಅದರ ಮೇಲೆ ಅಡ್ಡಲಾಗಿ ರುಜು. ಮೇಷ್ಟ್ರ ದುಂಡನೆಯ ಅಕ್ಷರದಲ್ಲಿ: ಪೂರಾ ಹಣ ಸಂದಿದೆ, ಬೀಗದ ಕೈ ಒಪ್ಪಿಸಿದ್ದೇನೆ.